ಕೋಶಪದರದ ಕೋರಿಲೇಶನ್ ದೂರ ಫ್ರೇಮ್ ಗಾತ್ರದ ಜತೆ ಬೆಳೆಯುತ್ತಿದೆ, ಏಕೆ?

ಎಂಡಿಸಿಕೆ (ನಾಯಿಯ ಮೂತ್ರಪಿಂಡದ) ಕೋಶಪದರದ ಟೈಮ್‌ಲ್ಯಾಪ್ಸ್‌ಗೆ ಪಿಐವಿ (ಚಿತ್ರದ ಸಣ್ಣ ಚೌಕಗಳು, ಅಂದರೆ ಕಿಟಕಿಗಳು, ಮುಂದಿನ ಫ್ರೇಮಿನಲ್ಲಿ ಎಷ್ಟು ಸರಿದವೆಂದು ನೋಡಿ ವೇಗದ ವೆಕ್ಟರ್ ಅಳೆಯುವ ವಿಧಾನ) ಮಾಡಿ, ವೇಗದ ಕೋರಿಲೇಶನ್ ಕರ್ವ್ (ಇಷ್ಟು ದೂರದ ಎರಡು ಜಾಗಗಳ ವೇಗ ಎಷ್ಟು ಹೋಲುತ್ತದೆ ಎಂದು ತೋರಿಸುವ ಗೆರೆ) ಸೊನ್ನೆ ದಾಟುವ ಜಾಗವನ್ನೇ ಕೋರಿಲೇಶನ್ ದೂರ ಎಂದು ಹಿಡಿದಿದ್ದೀರಿ. ಫ್ರೇಮ್ ದೊಡ್ಡದಾದಷ್ಟೂ ಅದು ಬೆಳೆಯುವುದಕ್ಕೆ ಮುಖ್ಯ ಕಾರಣ ನೀವು ಪ್ರತಿ ವೆಕ್ಟರ್‌ನಿಂದ ಫ್ರೇಮಿನ ಸರಾಸರಿ ವೇಗ ಕಳೆದಿರುವುದು.

ಸರಾಸರಿ ಕಳೆದ ಮೇಲೆ ಒಂದು ಫ್ರೇಮಿನ ವೆಕ್ಟರ್‌ಗಳನ್ನೆಲ್ಲ ಕೂಡಿದರೆ ಸೊನ್ನೆ. ಆ ಮೊತ್ತದ ವರ್ಗವೂ ಸೊನ್ನೆ. ವರ್ಗವನ್ನು ಬಿಡಿಸಿ ಬರೆದರೆ ಸಿಗುವುದು ಎಲ್ಲ ಜೋಡಿಗಳ ಗುಣಲಬ್ಧ. ಹತ್ತಿರದ ಜೋಡಿಗಳು ಧನವಾದರೆ ದೂರದವು ಋಣವಾಗಿಯೇ ಲೆಕ್ಕ ಸರಿಹೋಗಬೇಕು. ಅಂದರೆ ಕೋಶಗಳು ಹೇಗೇ ಓಡಾಡಲಿ, ಫ್ರೇಮಿನೊಳಗೆ ಎಲ್ಲಾದರೂ ಕರ್ವ್ ಸೊನ್ನೆ ದಾಟಲೇಬೇಕು. (2010ರಲ್ಲಿ ರೋಮ್‌ನ ಸ್ಟಾರ್ಲಿಂಗ್ ಹಕ್ಕಿಗಳ ಅಧ್ಯಯನ ಇದೇ ಬಿಂದುವನ್ನು ಬಳಸಿತ್ತು, ನಿಜ. ಆದರೆ ಅಲ್ಲಿ ಅಳೆದದ್ದು ಬೇರೆ ಬೇರೆ ಗಾತ್ರದ ಇಡೀ ಹಿಂಡುಗಳನ್ನು. ನಿಮ್ಮದು ದೊಡ್ಡ ಹಾಳೆಯಲ್ಲಿ ಕತ್ತರಿಸಿದ ತುಂಡು.)

ಪರೀಕ್ಷೆ ಸುಲಭ. ಅದೇ ಫಿಲ್ಮನ್ನು 500, 1000, 2000 ಪಿಕ್ಸೆಲ್‌ಗೆ ಕ್ರಾಪ್ ಮಾಡಿ, ಪ್ರತಿ ತುಂಡಿಗೂ ಸರಾಸರಿಯನ್ನು ಹೊಸದಾಗಿ ಕಳೆಯಿರಿ. ಸೊನ್ನೆಯ ಬಿಂದು ಜರುಗಿದರೆ ಅದನ್ನು ಬಿಟ್ಟುಬಿಡಿ. ಕರ್ವ್ ಸೊನ್ನೆಗಿಂತ ಕೆಳಗೆ ಇಳಿಯುವ ಗುಣಿ ಎಲ್ಲ ತುಂಡುಗಳಲ್ಲೂ ಒಂದೇ ದೂರದಲ್ಲಿ ನಿಂತರೆ ಅಲ್ಲಿ ನಿಜವಾದ ಸುಳಿ ಇರಬಹುದು: ಸುಳಿಯ ಎದುರುಬದುರು ದಡದ ಕೋಶಗಳು ವಿರುದ್ಧ ದಿಕ್ಕಿಗೆ ಹೋಗುತ್ತವೆ.

ಮೈಕ್ರೋಸ್ಕೋಪಿನ ಸ್ಟೇಜ್ (ಡಿಶ್ ಇಡುವ ತಟ್ಟೆ) ಸರಿದಿದ್ದರೆ ಡಿಶ್‌ನ ಗಾಜಿಗೆ ಅಂಟಿದ ಮಣಿ ಅಥವಾ ಗೀರು ನೋಡಿ ಫ್ರೇಮ್‌ಗಳನ್ನು ಹೊಂದಿಸಿ. ಸರಾಸರಿ ಕಳೆದು ಅದನ್ನು ಸರಿಪಡಿಸಲು ಹೋದರೆ ಪದರದ ಒಟ್ಟು ಚಲನೆಯೂ ಅಳಿಸಿಹೋಗುತ್ತದೆ.

ದೂರ ತೆಗೆಯಲು, ಕರ್ವ್‌ನ ಆರಂಭದ ಇಳಿಜಾರಿಗೆ ಎಕ್ಸ್‌ಪೊನೆನ್ಶಿಯಲ್ ಫಿಟ್ ಮಾಡಿ. ಮೊದಲ ಕೆಲವು ಬಿಂದುಗಳನ್ನು ಸೇರಿಸಬೇಡಿ. 32 ಪಿಕ್ಸೆಲ್ ಕಿಟಕಿಗೆ 50% ಓವರ್‌ಲ್ಯಾಪ್ ಇಟ್ಟರೆ ಅಕ್ಕಪಕ್ಕದ ವೆಕ್ಟರ್‌ಗಳು ಅರ್ಧ ಚಿತ್ರವನ್ನು ಹಂಚಿಕೊಂಡಿರುತ್ತವೆ, ಹಾಗಾಗಿ 32 ಪಿಕ್ಸೆಲ್‌ವರೆಗಿನ ಸಾಮ್ಯ ಸ್ವಲ್ಪ ಮಟ್ಟಿಗೆ ಪಿಐವಿಯದ್ದೇ. ಫಿಟ್‌ನ ಎತ್ತರವನ್ನು 1ಕ್ಕೆ ಕಟ್ಟದೆ ಬಿಡಿ. ಏಕೆಂದರೆ ಸೊನ್ನೆ ದೂರದ ಬಿಂದುವಿನಲ್ಲಿ ಅಳತೆಯ ಗದ್ದಲವೂ (ನಾಯ್ಸ್) ಕೂಡಿರುತ್ತದೆ. ಕೋರಿಲೇಶನ್ ಲೆಕ್ಕಕ್ಕೆ ಎಫ್‌ಎಫ್‌ಟಿ (ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್) ಬಳಸುವುದಾದರೆ ಎರಡು ಪಟ್ಟು ಗಾತ್ರಕ್ಕೆ ಸೊನ್ನೆ ತುಂಬಿ, ಇಲ್ಲವಾದರೆ ಎಡ ಅಂಚು ಬಲ ಅಂಚಿನ ಜತೆ ಜೋಡಿಯಾಗುತ್ತದೆ.

ಫ್ರೇಮ್‌ಗಳ ನಡುವಿನ ಸಮಯವನ್ನೂ ನೋಡಿ. 10 ಎಕ್ಸ್ ಲೆನ್ಸು, 6.5 ಮೈಕ್ರೋಮೀಟರ್ ಪಿಕ್ಸೆಲ್‌ನ ಕ್ಯಾಮೆರಾ ಇದ್ದರೆ ಒಂದು ಪಿಕ್ಸೆಲ್ 0.65 ಮೈಕ್ರೋಮೀಟರ್. ಗಂಟೆಗೆ 20 ಮೈಕ್ರೋಮೀಟರ್ ಹೋಗುವ ಕೋಶ 10 ನಿಮಿಷದಲ್ಲಿ ಸುಮಾರು 5 ಪಿಕ್ಸೆಲ್ ಸರಿಯುತ್ತದೆ, ಕಿಟಕಿಯ ಕಾಲುಭಾಗದ (8 ಪಿಕ್ಸೆಲ್) ಒಳಗೇ. 30 ನಿಮಿಷಕ್ಕೊಂದು ಫ್ರೇಮಾದರೆ 15 ಪಿಕ್ಸೆಲ್. ಆಗ ಪಿಐವಿ ಪಕ್ಕದ ಕೋಶವನ್ನು ಅದೇ ಕೋಶವೆಂದು ಹಿಡಿಯತೊಡಗುತ್ತದೆ.

ಎರರ್ ಬಾರ್ ಹಾಕುವಾಗ ವೆಕ್ಟರ್‌ಗಳನ್ನು ಎಣಿಸಬೇಡಿ (ಹತ್ತಿರದವು ಒಂದನ್ನೊಂದು ಹೋಲುತ್ತವೆ), ಕೋಶ ಬೆಳೆಸಿದ ಬೇರೆ ಬೇರೆ ವೆಲ್‌ಗಳನ್ನು ಎಣಿಸಿ.