ಫೋಟೊ ಪ್ರಶ್ನೋತ್ತರ: ‘ಸೂಪರ್’ ಅಂದವರನ್ನು ಮುಂದೆ ಏನು ಕೇಳಬೇಕು?

ಪ್ರಶ್ನೆ: ಸರ್, ನಾನು ಬ್ಯಾಡಗಿಯವನು. ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡು ಬಿಡುವಿನಲ್ಲಿ ಮಾರ್ಕೆಟ್ ಫೋಟೊ ತೆಗೆಯುತ್ತೇನೆ. ಕೆಲವು ಕಳಿಸಿದ್ದೇನೆ. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಗೆಳೆಯರೆಲ್ಲ ‘ಸೂಪರ್’ ಅನ್ನುತ್ತಾರೆ. ನನಗೆ ಮಾತ್ರ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ತಿಳಿಯುತ್ತಿಲ್ಲ. ಒಳ್ಳೆ ಲೆನ್ಸ್ ಬೇಕಾ? ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡಬೇಕಾ?
— ಓದುಗ, ಬ್ಯಾಡಗಿ

ಉತ್ತರ: ತಮ್ಮಾ, ಲೆನ್ಸಿನ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ನೀವು ಕಳಿಸಿದ್ದರಲ್ಲಿ ಒಂದೇ ಫೋಟೊ ಹಿಡಿದು ಮಾತಾಡುತ್ತೇನೆ. ಅದೇ, ರಾಶಿ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿರುವ ಅಜ್ಜಿಯದು.

ಹುಬ್ಬಳ್ಳಿಯ ನಮ್ಮ ಸ್ಟುಡಿಯೊದಲ್ಲಿ ಅದನ್ನು 8x12 ಪ್ರಿಂಟ್ ಹಾಕಿದೆ. ಪಾಸ್‌ಪೋರ್ಟ್ ಫೋಟೊಗೆ ಬಂದಿದ್ದ ಒಬ್ಬರ ಮುಂದೆ ಹಿಡಿದೆ. ಮೂರು ಎಣಿಸಿ ಬೋರಲು ಹಾಕಿ, ‘ಏನು ಕಂಡಿತು?’ ಅಂದೆ. ‘ನೀಲಿ ಬಕೆಟ್ ರೀ’ ಅಂದರು. ಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಬಕೆಟ್ ಇದೆಯಲ್ಲ, ಅದು. ಅಷ್ಟೊಂದು ಕೆಂಪಿನ ನಡುವೆ ಒಂದೇ ಒಂದು ನೀಲಿ ಇದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ. ನೀವು ಅಜ್ಜಿಯನ್ನೇ ನೋಡುತ್ತಾ ಕ್ಲಿಕ್ ಮಾಡಿದ್ದೀರಿ, ಬಕೆಟ್ ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಸಾಕಿತ್ತು.

ಗೆಳೆಯರ ಮೇಲೆ ಸಿಟ್ಟಾಗಬೇಡಿ. ‘ಹೇಗಿದೆ?’ ಅಂತ ಕೇಳಿದರೆ ‘ಸೂಪರ್’ ಅನ್ನದೆ ಇನ್ನೇನು ಅಂದಾರು? ದೋಸ್ತಿ ಉಳಿಯಬೇಕು ಅಲ್ವಾ. ನೀವು ಪ್ರಶ್ನೆ ಬದಲಾಯಿಸಿ. ಮೊದಲು ಕಣ್ಣು ಎಲ್ಲಿಗೆ ಹೋಯಿತು? ಆಮೇಲೆ ಎಲ್ಲಿಗೆ? ಯಾವುದು ಇಲ್ಲದಿದ್ದರೂ ನಡೆಯುತ್ತಿತ್ತು? ಇದಕ್ಕೆ ಉತ್ತರ ಹೇಳಲು ಫೋಟೊಗ್ರಫಿ ಗೊತ್ತಿರಬೇಕಾಗಿಲ್ಲ. ಹಮಾಲರನ್ನು ಕೇಳಿ, ಮನೆಯಲ್ಲಿ ಅವ್ವನನ್ನು ಕೇಳಿ. ಕೇಳಿದ ಮೇಲೆ ಸುಮ್ನೆ ಕೂತುಬಿಡಿ. ‘ಅದು ಹಂಗಲ್ಲ, ಅವತ್ತು ಮೋಡ ಇತ್ತು’ ಅಂತ ಶುರು ಮಾಡಿದರೆ ಎದುರಿನವರು ಬಾಯಿ ಬಿಡುವುದಿಲ್ಲ.

ಇನ್ನು ರಾಶಿ. ಬ್ಯಾಡಗಿ ಕಾಯಿಯ ಗುರುತೇ ಸುಕ್ಕು, ಅದನ್ನು ನಿಮ್ಮೂರಿನವರಿಗೆ ನಾನು ಹೇಳಬೇಕಾ! ಫೋಟೊದಲ್ಲಿ ಸುಕ್ಕೇ ಇಲ್ಲ, ಕುಂಕುಮ ಚೆಲ್ಲಿದ ಹಾಗೆ ಬರೀ ಕೆಂಪು. ನಿಮಗೆ ಸರಿಯಿಲ್ಲ ಅನಿಸಿದ್ದು ಇದೇ ಇರಬೇಕು. ಕ್ಯಾಮೆರಾದಲ್ಲಿ ನಾವು ಸಾಮಾನ್ಯವಾಗಿ ನೋಡುವ ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ಗ್ರಾಫ್, ಒಟ್ಟು ಬೆಳಕಿನದು. ಅದರಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ತೆಗೆದು ನೋಡಿ. ಕೆಂಪು ಬಲಗಡೆ ಅಂಚಿಗೆ ಹೋಗಿ ಗುದ್ದಿಕೊಂಡಿರುತ್ತದೆ. ಅಂದರೆ ಆ ಬಣ್ಣ ತುಂಬಿಹೋಯಿತು, ಅದರೊಳಗಿನ ಗೆರೆ, ನೆರಳು ಎಲ್ಲ ಹೋದವು. ಫೋಟೊದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 0.7 ಇಲ್ಲವೇ ಮೈನಸ್ 1ಕ್ಕೆ ಇಳಿಸಿ. ಬಣ್ಣದ ಸೆಟ್ಟಿಂಗ್ (ಪಿಕ್ಚರ್ ಸ್ಟೈಲ್) ‘ವಿವಿಡ್’ ಇದ್ದರೆ ‘ನ್ಯೂಟ್ರಲ್’ ಮಾಡಿ. ಜೆಪೆಗ್ ಆಗುವ ಮೊದಲಿನ ಕಚ್ಚಾ ಫೈಲ್, ಅಂದರೆ ರಾ (RAW) ಇಟ್ಟುಕೊಂಡರೆ ಮನೆಗೆ ಬಂದ ಮೇಲೆ ಅಜ್ಜಿಯ ಮುಖಕ್ಕಷ್ಟೇ ಬೆಳಕು ಏರಿಸಬಹುದು.

ಲೆನ್ಸ್ ಬೇಕಾ ಅನ್ನುವುದಕ್ಕೆ ಉತ್ತರ ನಿಮ್ಮ ಹಳೆ ಫೈಲ್‌ಗಳಲ್ಲೇ ಇದೆ. ಎಷ್ಟು ಎಂಎಂನಲ್ಲಿ, ಅಂದರೆ ಎಷ್ಟು ಜೂಮ್‌ನಲ್ಲಿ ತೆಗೆದದ್ದು ಅಂತ ಪ್ರತಿಯೊಂದರಲ್ಲೂ ದಾಖಲಾಗಿರುತ್ತದೆ. 18-55 ಲೆನ್ಸಿನಲ್ಲಿ ಯಾವಾಗಲೂ 55ಕ್ಕೇ, ಪೂರ್ತಿ ಜೂಮ್‌ಗೇ ತಿರುಗಿಸುತ್ತಿದ್ದೀರಾ ನೋಡಿ. ಹೌದಾದರೆ, ಹತ್ತಿರ ಹೋಗಲು ಜಾಗ ಇರಲಿಲ್ಲವೋ, ನಾಚಿಕೆಯೋ ಯೋಚಿಸಿ. ನಾಚಿಕೆಗೆ ಲೆನ್ಸ್ ಔಷಧಿ ಅಲ್ಲ. ಅಜ್ಜಿಯ ಹಿಂದಿನ ಮುಂದಿನ ಫ್ರೇಮ್‌ಗಳನ್ನೂ ತೆಗೆದು ನೋಡಿ, ಒಂದೇ ಕಡೆ ನಿಂತು ಒತ್ತುತ್ತಾ ಹೋಗಿದ್ದೀರಾ ಅಂತ. ಅದಕ್ಕೇ ಹೇಳುವುದು, ಚೆನ್ನಾಗಿ ಬರದ ಫೋಟೊಗಳನ್ನು ಅವತ್ತೇ ಅಳಿಸಬೇಡಿ.

ಕೋರ್ಸ್ ಬೇಡ ಅನ್ನುವುದಿಲ್ಲ. ಆದರೆ ಬೆಳಕನ್ನು ಕಲಿಯಲು ಮೊದಲು ಪಕ್ಕದ ಹಾವೇರಿಗೆ ಹೋಗಿ, ಪುಕ್ಕಟೆ. ನಮ್ಮ ಕಡೆಯ ಚಾಲುಕ್ಯರ ಕಾಲದ ಗುಡಿಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಅಲ್ಲಿನ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ. ಸಂಜೆ ಬಿಸಿಲು ಮುಂಭಾಗಕ್ಕೆ ನೇರ ಬೀಳುತ್ತದೆ. ನೇರ ಬೆಳಕಿನಲ್ಲಿ ಬಣ್ಣ ಚೆನ್ನ, ಕೆತ್ತನೆ ಚಪ್ಪಟೆ. ಚಳಿಗಾಲದಲ್ಲಿ ಅದೇ ಹೊತ್ತಿಗೆ ದಕ್ಷಿಣದ ಗೋಡೆಗೆ ಬನ್ನಿ. ಬಿಸಿಲು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತಿರುತ್ತದೆ, ಉಳಿಯ ಸಣ್ಣ ಗೀರಿಗೂ ನೆರಳು ಬಂದಿರುತ್ತದೆ. ಉತ್ತರದ ಗೋಡೆಗೆ ಆ ತಿಂಗಳುಗಳಲ್ಲಿ ನೇರ ಬಿಸಿಲೇ ಇಲ್ಲ. ಒಂದೇ ಲೆನ್ಸಿನಲ್ಲಿ ಮೂರೂ ಕಡೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಅದೇ ಕಣ್ಣು ತಗೊಂಡು ಮಾರ್ಕೆಟ್‌ಗೆ ವಾಪಸ್ ಹೋಗಿ, ಅಜ್ಜಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ ಕೂತುಕೊಳ್ಳಿ. ಹಾಂ, ಅವರಿಗೂ ಒಂದು ಪ್ರಿಂಟ್ ಕೊಡಿ.

ಪ್ರಶ್ನೆ: ಮಾಗಡಿ ಕೆರೆಯಲ್ಲಿ ತೆಗೆದ ಪಟ್ಟೆತಲೆ ಹೆಬ್ಬಾತಿನ ಫೋಟೊವನ್ನು ಒಂದು ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸಿದ್ದೆ. ಹಿಂದೆ ಇದ್ದ ಕರೆಂಟ್ ತಂತಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಅಳಿಸಿದ್ದೆ. ಆಯ್ಕೆ ಆಗಲಿಲ್ಲ, ಕಾರಣವನ್ನೂ ಹೇಳಲಿಲ್ಲ.
— ಶಾಲಾ ಶಿಕ್ಷಕಿ, ಗದಗ

ಉತ್ತರ: ಟೀಚರ್, ಆ ತಂತಿಯೇ ಕಾರಣ ಇರಬಹುದು. ಅಂತರರಾಷ್ಟ್ರೀಯ ಫೋಟೊಗ್ರಫಿ ಸಂಘಟನೆ ಫಿಯಾಪ್‌ನ (FIAP) ನಿಯಮದಲ್ಲಿ ನಡೆಯುವ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಧೂಳಿನ ಚುಕ್ಕೆ ತೆಗೆಯಬಹುದು. ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಹಾಗಂತ ತಂತಿ ಬಿಟ್ಟಿದ್ದರೂ ಕಷ್ಟವೇ, ಮನುಷ್ಯ ಮಾಡಿದ ವಸ್ತು ಸಾಮಾನ್ಯವಾಗಿ ಕಾಣಬಾರದು ಅನ್ನುವುದೂ ಅಲ್ಲಿನ ನಿಯಮ. ಆ ಫೋಟೊವನ್ನು ಓಪನ್ ಕಲರ್ ವಿಭಾಗಕ್ಕೆ ಕಳಿಸಿ. ಜ್ಯೂರಿಗಳು ಒಂದು ಫೋಟೊ ನೋಡುವುದು ಕೆಲವೇ ಸೆಕೆಂಡು, ಅಂಕ ಹಾಕಿ ಮುಂದೆ ಹೋಗುತ್ತಾರೆ. ಅವರಿಂದ ಕಾರಣ ನಿರೀಕ್ಷಿಸಬೇಡಿ. ಮೇಲೆ ಹೇಳಿದ ಪ್ರಿಂಟಿನ ಉಪಾಯ ನಿಮಗೂ ಆಗುತ್ತದೆ, ನಿಮ್ಮ ಕ್ಲಾಸಿನ ಮಕ್ಕಳಿಗೇ ತೋರಿಸಿ. ಮಕ್ಕಳು ಮುಲಾಜು ನೋಡುವುದಿಲ್ಲ.

ಮುಂದಿನ ಚಳಿಗಾಲಕ್ಕೆ ಹೋದಾಗ, ಹಕ್ಕಿಗಳು ಬೆಳಿಗ್ಗೆ ಹೊಲಗಳಿಂದ ಕೆರೆಗೆ ಮರಳುವ ಹೊತ್ತಿಗೆ ಸೂರ್ಯ ಬೆನ್ನಿಗೆ ಬರುವ ಹಾಗೆ, ತಂತಿ ಇಲ್ಲದ ಕಡೆ ನಿಲ್ಲಿ. ಹಾರುವಾಗ ತೆಗೆಯುವುದಾದರೆ ಶಟರ್ ವೇಗ 1/1600 ಸೆಕೆಂಡಿಗಿಂತ ನಿಧಾನ ಬೇಡ. ತಲೆ ಬಿಳಿ ಇರುವುದರಿಂದ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಗರಿಯೆಲ್ಲ ಸುಟ್ಟುಹೋಗಿ ಎರಡು ಕಪ್ಪು ಪಟ್ಟೆ ಮಾತ್ರ ಉಳಿಯುತ್ತವೆ. ದಂಡೆಯಿಂದ ಕೆಳಗೆ ಇಳಿಯಬೇಡಿ. ಅದು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ, ಕೂತ ಹಕ್ಕಿಯನ್ನು ಎಬ್ಬಿಸಿ ತೆಗೆದ ಫೋಟೊ ಯಾವ ವಿಭಾಗಕ್ಕೂ ಬೇಡ.