ಅಂತರರಾಷ್ಟ್ರೀಯ ಸಂಬಂಧಗಳೂ ಅರ್ಥಶಾಸ್ತ್ರವೂ

ಪ್ರಶ್ನೆ: ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಓದುವ ನನ್ನ ಮಗಳಿಗೆ ರಾಜಕೀಯ ಅರ್ಥಶಾಸ್ತ್ರವೂ ಕಡ್ಡಾಯವಾಗಿದೆ. ರಾಜತಂತ್ರ ಕಲಿಯುವವರಿಗೆ ಇದೇಕೆ?
– ಓದುಗರು, ಬದಿಯಡ್ಕ

ಉತ್ತರ: ಕಾಸರಗೋಡಿನ ಕಾಳುಮೆಣಸಿನ ಧಾರಣೆಯನ್ನು ಮಳೆ, ಮಾರುಕಟ್ಟೆಗಳಷ್ಟೇ ಅಲ್ಲ, ರಾಜತಾಂತ್ರಿಕ ಮಾತುಕತೆಗಳೂ ಪ್ರಭಾವಿಸುತ್ತವೆ. 2010ರಲ್ಲಿ ಜಾರಿಗೆ ಬಂದ ಭಾರತ–ಆಸಿಯಾನ್ (ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟ) ಸರಕು ವ್ಯಾಪಾರ ಒಪ್ಪಂದವನ್ನು ಕೇರಳ ಸರ್ಕಾರ ವಿರೋಧಿಸಿದ್ದು, ಅಗ್ಗದ ಮೆಣಸು, ತಾಳೆಎಣ್ಣೆಗಳ ಆಮದು ಇಲ್ಲಿನ ಕೃಷಿಕರನ್ನು ಬಾಧಿಸೀತೆಂಬ ಆತಂಕದಿಂದ. ಆದರೆ ಸಂವಿಧಾನದಲ್ಲಿ ಕೃಷಿ ರಾಜ್ಯದ ವಿಷಯವಾದರೂ ವಿದೇಶಿ ಒಪ್ಪಂದ ಕೇಂದ್ರದ ಅಧಿಕಾರ. ನಿಯಮವನ್ನು ಬರೆದವರು ಯಾರು, ನಷ್ಟವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳೇ ರಾಜಕೀಯ ಅರ್ಥಶಾಸ್ತ್ರದ ಜೀವಾಳ. ಅಂತರರಾಷ್ಟ್ರೀಯ ಹಣಕಾಸು ನಿಧಿ, ವಿಶ್ವಬ್ಯಾಂಕ್‌ಗಳಿಗೆ ಅಡಿಪಾಯ ಹಾಕಿದ 1944ರ ಬ್ರೆಟನ್ ವುಡ್ಸ್ ಸಮ್ಮೇಳನದಿಂದಲೂ ಸಿದ್ಧಾಂತಗಳ ಪಟ್ಟಿಯಿಂದಲೂ ಪಾಠ ಆರಂಭಿಸುವ ಕ್ರಮ ಮಾತ್ರ ನನಗೆ ಒಪ್ಪಿಗೆಯಿಲ್ಲ. ಇಂತಹ ಒಂದು ಒಪ್ಪಂದದ ಸುಂಕಪಟ್ಟಿಯನ್ನು ಮೊದಲು ಓದಿಸಿದರೆ, ಅರ್ಥಶಾಸ್ತ್ರದ ಹಿನ್ನೆಲೆಯಿಲ್ಲದಿದ್ದರೂ ನಿಮ್ಮ ಮಗಳಿಗೆ ಸಿದ್ಧಾಂತದ ಅಗತ್ಯ ತಾನಾಗಿ ಮನವರಿಕೆಯಾಗುತ್ತದೆ.