ಆಪ್ತಸಲಹೆ ಪ್ರಕರಣ: ಮಧ್ಯಾಹ್ನ ಮಲಗುವ ಸೊಸೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬದಿಯಡ್ಕದ ಕಡೆಯ ಕನ್ನಡ ಶಾಲೆಯ ಟೀಚರ್, ವಯಸ್ಸು 34. ಸುಮಾ ಎನ್ನೋಣ. ಮೊದಲು ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲಿಗೆ ಜೋಮು. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಗೊತ್ತಾಯಿತು. ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಮೈಲಿನ್ ಹೊದಿಕೆಯನ್ನು ಹಾಳು ಮಾಡುವ ಕಾಯಿಲೆ ಇದು. ಔಷಧಿ ಸರಿಯಾಗಿಯೇ ನಡೆಯುತ್ತಿತ್ತು. ಅವರು ನನ್ನಲ್ಲಿಗೆ ಬಂದದ್ದು ಮನೆಯ ಮಾತು ತಡೆಯಲಾಗದೆ.

"ನೋಡಿದ್ರೆ ಗಟ್ಟಿಮುಟ್ಟಾಗೇ ಇದ್ದಾಳೆ. ರಜೆ ದಿನ ಮಧ್ಯಾಹ್ನ ಆದ್ರೆ ಸಾಕು, ಮಲಗ್ತಾಳೆ." ಇದು ಅತ್ತೆ. ಗಂಡ ಏನೂ ಹೇಳುವುದಿಲ್ಲ. ಅದೇ ಜಾಸ್ತಿ ನೋವು ಎಂದರು ಸುಮಾ.

ಮುಂದಿನ ಸಲ ಮೂವರನ್ನೂ ಕೂರಿಸಿದೆ. ಅತ್ತೆ ಕೆಟ್ಟವರಲ್ಲ. ಸೊಸೆಯ ಕಾಲಿಗೆ ಎಣ್ಣೆ ತಿಕ್ಕಿ, ಅಡಿಕೆ ಸಿಪ್ಪೆ ಉರಿಸಿ ಹಂಡೆ ತುಂಬ ನೀರು ಕಾಯಿಸಿ ಮೀಯಿಸುತ್ತಿದ್ದವರು. ಮಿಂದು ಬಂದ ಸುಮಾ ಗೋಡೆ ಹಿಡಿದು ನಡೆಯುತ್ತಿದ್ದರು, ಕಣ್ಣೂ ಮಂಜು. ಇಷ್ಟು ಮಾಡಿದರೂ ನಾಟಕ ಆಡುತ್ತಾಳಲ್ಲ ಎಂದು ಅತ್ತೆಗೆ ಬೇಜಾರು. ನಿಜ ಏನೆಂದರೆ, ಮೈ ಬಿಸಿಯಾದರೆ ಹೊದಿಕೆ ಸವೆದ ನರಗಳಲ್ಲಿ ಸಂದೇಶ ಸರಿಯಾಗಿ ಸಾಗುವುದಿಲ್ಲ. ತಣಿದ ಮೇಲೆ ಮೊದಲಿನಂತಾಗುತ್ತದೆ. ಮೈ ದಣಿದಾಗ ಹೀಗೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದರು.

"ಹಾಗಾದ್ರೆ ನಾನೇ ಹಾಳು ಮಾಡಿದ್ದಾ?" ಎಂದು ಅತ್ತೆ ಕೇಳಿದರು.

"ಇಲ್ಲಮ್ಮ, ಬಿಸಿಯಿಂದ ಕಾಯಿಲೆ ಬೆಳೆಯುವುದಿಲ್ಲ. ಎಣ್ಣೆ ಹಚ್ಚಿ. ನೀರು ಮಾತ್ರ ಉಗುರು ಬೆಚ್ಚಗಿರಲಿ."

ಮಧ್ಯಾಹ್ನದ ಸುಸ್ತೂ ಕಾಯಿಲೆಯದ್ದೇ, ಸೋಮಾರಿತನವಲ್ಲ ಎಂದು ವಿವರಿಸಿದೆ. ಒಲೆಯ ಮುಂದಿನ ಕೆಲಸ ಬೆಳಿಗ್ಗೆ ತಂಪಿರುವಾಗಲೇ ಮುಗಿಯಲಿ, ಪೂರ್ತಿ ಕುಸಿಯುವ ಮೊದಲೇ ಮಲಗಲಿ, ಶಾಲೆಯಲ್ಲಿ ಕುಳಿತು ಪಾಠ ಮಾಡಲಿ ಎಂದೆ. ಹಾಗಂತ ಮೂಲೆ ಹಿಡಿಯಬಾರದು. ಫಿಸಿಯೋಥೆರಪಿಸ್ಟ್ ಹೇಳಿದಷ್ಟು ವ್ಯಾಯಾಮ ಬೇಕೇ ಬೇಕು. ಹೊಸ ತೊಂದರೆ ಬಂದು, ಜ್ವರವಿಲ್ಲದೆ 24 ಗಂಟೆ ಮೀರಿ ಉಳಿದರೆ ನರರೋಗ ವೈದ್ಯರಿಗೆ ಫೋನ್ ಮಾಡಬೇಕು.

ಅತ್ತೆ, ಗಂಡ ಹೊರಗೆ ಹೋದ ಮೇಲೆ ಸುಮಾ ಇನ್ನೊಂದು ವಿಷಯ ಹೇಳಿದರು. ಮೂತ್ರ ತಡೆಯಲಾಗದು ಎಂದು ಶಾಲೆಯಲ್ಲಿ ಸಂಜೆವರೆಗೂ ನೀರೇ ಕುಡಿಯುತ್ತಿರಲಿಲ್ಲ! ಇದು ಅಪಾಯ. ಮೂತ್ರದ ಸೋಂಕಾದರೆ ಎಂಎಸ್ ಲಕ್ಷಣಗಳೂ ಏರುತ್ತವೆ. ನೀರು ಬಿಡಬೇಡಿ, ಪ್ರತಿ ಬಿಡುವಿಗೂ ಶೌಚಾಲಯಕ್ಕೆ ಹೋಗಿ, ವೈದ್ಯರಿಗೆ ನಾಚದೆ ಹೇಳಿ, ಇದಕ್ಕೂ ಔಷಧಿ ಇದೆ ಎಂದೆ.

ಗಂಡನ ಮೌನಕ್ಕೆ ಕಾರಣ ಭಯ. ಮೊಬೈಲಿನಲ್ಲಿ ಗಾಲಿಕುರ್ಚಿಯ ಫೋಟೋಗಳನ್ನೇ ನೋಡಿದ್ದರಂತೆ. ಅವರನ್ನು ಬೇರೆಯಾಗಿ ಎರಡು ಸಲ ಬರಲು ಹೇಳಿದ್ದೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಂಎಸ್ ಕೂಡ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಎಂದಾಗ ಸುಮಾ ಒಪ್ಪಲಿಲ್ಲ. ಊರವರ ಬಾಯಿಗೆ ಹೆದರಿಕೆ. ಒತ್ತಾಯ ಮಾಡಿಲ್ಲ, ಫಾರಂ ಮಾತ್ರ ಅವರ ಕೈಗೆ ಕೊಟ್ಟಿದ್ದೇನೆ.